ನಮ್ಮ ಹಳ್ಳ ಆರೋಗ್ಯವಾಗಿದೆಯೇ?



ನಮಗೆ ಹುಷಾರಿಲ್ಲದಿದ್ದರೆ ಡಾಕ್ಟರು ನಾಲಿಗೆ ನೋಡುತ್ತಾರೆ, ನಾಡಿ ಹಿಡಿಯುತ್ತಾರೆ. ಹಳ್ಳಕ್ಕೆ ಹುಷಾರಿಲ್ಲ ಅಂತ ತಿಳಿಯುವುದು ಹೇಗೆ? "ನೀರು ತಿಳಿಯಾಗಿದೆಯಲ್ಲ, ಇನ್ನೇನು?" ಎಂದು ಎಲ್ಲರೂ ಹೇಳುತ್ತಾರೆ. ಅಷ್ಟೇ ಸಾಲದು. ಫೆಬ್ರವರಿ ಮೊದಲ ವಾರ ನಾವು ಆರು ಜನ ವಿಜ್ಞಾನದ ಮೇಷ್ಟ್ರ ಜೊತೆ ಹೋಗಿ ಪರೀಕ್ಷೆ ಮಾಡಿದೆವು. ಅದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಹಳ್ಳ ಸಣ್ಣದು. ಆದರೆ ಅದು ಹೇಮಾವತಿಗೆ ಸೇರುತ್ತದೆ. ಹೇಮಾವತಿ ನಮ್ಮ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ, ಗೊರೂರು ಅಣೆಕಟ್ಟು ದಾಟಿ, ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಇಲ್ಲಿ ಬಿಟ್ಟ ನೀರು ಅಲ್ಲಿವರೆಗೂ ಹೋಗುತ್ತದೆ.

ನೀರಿನಲ್ಲಿ ಉಸಿರು

ಗಾಳಿಯಲ್ಲಿ ನೂರಕ್ಕೆ 21 ಭಾಗ ಆಮ್ಲಜನಕವಿದೆ. ನೀರಿನಲ್ಲಿ ಕರಗಿರುವುದು ಬಹಳ ಕಡಿಮೆ. 20 ಡಿಗ್ರಿ ಸೆಲ್ಸಿಯಸ್ ಇರುವ 1 ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಕರಗಬಹುದು. 30 ಡಿಗ್ರಿಯಾದರೆ ಸುಮಾರು 7.5 ಮಿಲಿಗ್ರಾಂ ಮಾತ್ರ. ಅದಕ್ಕೇ ದಡದಲ್ಲಿ ಮರಗಳ ನೆರಳು ಬೇಕು. ನೀರು ಕಲ್ಲಿಗೆ ಬಡಿದು ನೊರೆಯಾಗಿ ಹರಿಯುವಾಗ ಗಾಳಿ ಬೆರೆಯುತ್ತದೆ. ಮೀನು, ಹುಳ, ಏಡಿ ಎಲ್ಲಕ್ಕೂ ಈ ಆಮ್ಲಜನಕವೇ ಉಸಿರು.

ಬೇಕಾಗುವ ಸಾಮಾನುಗಳು

ಬಿಳಿ ತಟ್ಟೆ, ಟೀ ಸೋಸುವ ಜಾಲರಿ, ಗಾಜಿನ ಬಾಟಲಿ, ಲಿಟ್ಮಸ್ ಕಾಗದ, ಥರ್ಮಾಮೀಟರ್, ನೋಟ್ ಪುಸ್ತಕ.

ಮಾಡುವ ವಿಧಾನ

1. ಒಂದೇ ತರಹದ ಎರಡು ಜಾಗ ಆರಿಸಿ. ಕಲ್ಲು, ಆಳ, ನೆರಳು ಎರಡೂ ಕಡೆ ಸಮ ಇರಬೇಕು. ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ. ನಾವು ಕಾಫಿ ಪಲ್ಪಿಂಗ್ ನೀರು ಹಳ್ಳಕ್ಕೆ ಬೀಳುವ ಕಡೆ, ಅದಕ್ಕಿಂತ ಮೇಲೆ ಒಂದು, ಕೆಳಗೆ ಒಂದು ಜಾಗ ಆರಿಸಿದೆವು.

2. ನೀರಿನ ಉಷ್ಣತೆ, ವಾಸನೆ, ಬಣ್ಣ ಬರೆದುಕೊಳ್ಳಿ. ಲಿಟ್ಮಸ್ ಅದ್ದಿ ನೋಡಿ.

3. ಹರಿಯುವ ನೀರಿನಿಂದ 10 ಕಲ್ಲುಗಳನ್ನು ಒಂದೊಂದಾಗಿ ಎತ್ತಿ. ಅಡಿಭಾಗವನ್ನು ತಟ್ಟೆಯ ನೀರಿನಲ್ಲಿ ಮೆಲ್ಲಗೆ ಉಜ್ಜಿ. ಬಿದ್ದ ಹುಳಗಳನ್ನು ಗುರುತಿಸಿ. ಆಮೇಲೆ ಹುಳಗಳನ್ನು, ಕಲ್ಲನ್ನು ಇದ್ದ ಜಾಗದಲ್ಲೇ ಬಿಡಿ.

ಹುಳಗಳ ಗುರುತು

ಮೇಫ್ಲೈ ಮರಿ: ಹೊಟ್ಟೆಯ ಪಕ್ಕಗಳಲ್ಲಿ ಕಿವಿರುಗಳು ಪಟಪಟ ಆಡುತ್ತವೆ. ಸಾಮಾನ್ಯವಾಗಿ ಬಾಲ ಮೂರು. ಹೊಲಸು ನೀರನ್ನು ತಡೆಯುವುದಿಲ್ಲ.

ಸ್ಟೋನ್‌ಫ್ಲೈ ಮರಿ: ಬಾಲ ಎರಡು. ಇದೂ ಹಾಗೆಯೇ.

ಕ್ಯಾಡಿಸ್ ಹುಳ: ಇದರಲ್ಲಿ ಹಲವು ಜಾತಿಗಳು ಮರಳು, ಎಲೆಚೂರು ಅಂಟಿಸಿ ಮನೆ ಕಟ್ಟಿಕೊಳ್ಳುತ್ತವೆ. ಹೆಚ್ಚಿನವಕ್ಕೆ ಒಳ್ಳೆಯ ನೀರು ಬೇಕು.

ಏರೋಪ್ಲೇನ್ ಚಿಟ್ಟೆಯ ಮರಿ, ಏಡಿ: ಸ್ವಲ್ಪ ಕೆಟ್ಟ ನೀರಿನಲ್ಲೂ ಇರಬಲ್ಲವು.

ಕೆಂಪು ಹುಳ: ಇದು ಒಂದು ಬಗೆಯ ಸಣ್ಣ ನೊಣದ ಮರಿ. ಇದರ ಮೈಯಲ್ಲಿ ನಮ್ಮ ರಕ್ತದಂತೆಯೇ ಹಿಮೋಗ್ಲೋಬಿನ್ ಇದೆ. ಆದ್ದರಿಂದ ಆಮ್ಲಜನಕ ತೀರಾ ಕಡಿಮೆ ಇದ್ದರೂ ಬದುಕುತ್ತದೆ. ಒಂದೆರಡು ಕೆಂಪು ಹುಳ ಕಂಡರೆ ಗಾಬರಿ ಬೇಡ. ಬೇರೆ ಯಾವುದೂ ಇಲ್ಲದೆ ಅದೊಂದೇ ಇದ್ದರೆ ಹಳ್ಳಕ್ಕೆ ಕಾಯಿಲೆ.

ನಾವು ಕಂಡದ್ದು

ಪಲ್ಪಿಂಗ್ ಜನವರಿಯಲ್ಲೇ ಮುಗಿದಿತ್ತು. ಎರಡೂ ಕಡೆ ನೀರು ತಿಳಿ. ವಾಸನೆ ಇಲ್ಲ. ಲಿಟ್ಮಸ್ ಬಣ್ಣ ಬದಲಾಗಲಿಲ್ಲ. ಇಲ್ಲಿಗೇ ನಿಲ್ಲಿಸಿದ್ದರೆ ಎರಡಕ್ಕೂ ಪಾಸ್ ಮಾರ್ಕ್ ಕೊಡುತ್ತಿದ್ದೆವು.

ಕಲ್ಲು ಎತ್ತಿದಾಗ ಗೊತ್ತಾಯಿತು. ಮೇಲಿನ ಜಾಗದಲ್ಲಿ ಮೇಫ್ಲೈ, ಕ್ಯಾಡಿಸ್, ಏಡಿಮರಿ ಎಲ್ಲಾ ಇದ್ದವು. ಕೆಳಗಿನ ಜಾಗದ ಕಲ್ಲುಗಳು ಲೋಳೆಲೋಳೆ. ಹತ್ತು ಕಲ್ಲಿನಲ್ಲೂ ಕೆಂಪು ಹುಳ ಬಿಟ್ಟರೆ ಏನೂ ಇಲ್ಲ!

ಕಾರಣವೇನು? ಕಾಫಿ ಹಣ್ಣಿನ ಸಿಪ್ಪೆ ತೆಗೆದು ಬೀಜ ತೊಳೆದ ನೀರಿನಲ್ಲಿ ಸಕ್ಕರೆ, ಲೋಳೆ ಇರುತ್ತದೆ. ಸಕ್ಕರೆ ವಿಷವಲ್ಲ. ಆದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ವಿಪರೀತ ಹೆಚ್ಚಿ, ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಹುಳಿತ ನೀರು ಆಮ್ಲವೂ ಆಗುತ್ತದೆ. ವಿಷ ಹಾಕದೆಯೂ ಹಳ್ಳ ಉಸಿರುಕಟ್ಟಿ ಸಾಯುತ್ತದೆ ನೋಡಿ.

ನೀರು ಇವತ್ತಿನ ಸುದ್ದಿ ಮಾತ್ರ ಹೇಳುತ್ತದೆ. ನಿನ್ನೆಯ ನೀರು ಆಗಲೇ ಹೋಗಿಯಾಯಿತು. ಈ ಮರಿಗಳಾದರೋ ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಅಲ್ಲೇ ಬೆಳೆಯುತ್ತವೆ. ಹಾಗಾಗಿ ಹುಳಗಳೇ ಹಳ್ಳದ ಹಾಜರಿ ಪುಸ್ತಕ. ಯಾರು ಗೈರುಹಾಜರು ಎಂದು ನೋಡಿದರೆ ಹಿಂದೆ ಏನಾಯಿತೆಂದು ತಿಳಿಯುತ್ತದೆ.

ಮುಂದೇನು?

ಹಂಗಂತ ತೋಟದವರನ್ನು ಬೈದರೆ ಆಗಲ್ಲ. ನಮ್ಮಲ್ಲಿ ಅರ್ಧ ಜನರ ಅಪ್ಪ ಅಮ್ಮ ತೋಟದ ಕೆಲಸಕ್ಕೇ ಹೋಗುವುದು, ನಮ್ಮಮ್ಮನೂ ಸೇರಿ. ಕೆಳಗಿನ ಕೇರಿಯವರು ದನಕ್ಕೆ ನೀರು ಕುಡಿಸುವುದೂ ಇದೇ ಹಳ್ಳದಲ್ಲಿ. ಇಬ್ಬರಿಗೂ ದಾರಿ ಇದೆ. ಪಲ್ಪಿಂಗ್ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಕಳೆದು, ಶುದ್ಧಿ ಮಾಡಬೇಕು. ಹಾಗೇ ಹಳ್ಳಕ್ಕೆ ಬಿಡಬಾರದು. ಜಲಮಾಲಿನ್ಯ ತಡೆಯುವ ಕಾಯಿದೆ 1974ರಲ್ಲೇ ಬಂದಿದೆ.

ಒಂದು ಸಲ ನೋಡಿದ್ದು ಸಾಕ್ಷಿಗೆ ಸಾಲದು ಎಂದು ಮೇಷ್ಟ್ರು ಹೇಳಿದ್ದಾರೆ. ಪಲ್ಪಿಂಗ್ ಶುರುವಾಗುವ ಮೊದಲು ನವೆಂಬರಿನಲ್ಲಿ ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ನೋಡಬೇಕು. ಆಗ ನಾವು ಹೈಸ್ಕೂಲಿಗೆ ಹೋಗಿರಬಹುದು. ಆದ್ದರಿಂದ ಆರನೇ ತರಗತಿಯವರೇ, ನಮ್ಮ ನೋಟ್ ಪುಸ್ತಕ ವಿಜ್ಞಾನದ ಬೀರುವಿನಲ್ಲಿದೆ. ಮುಂದುವರಿಸಿ. ಮೂರೂ ಲೆಕ್ಕ ಸೇರಿಸಿ ತೋಟದವರಿಗೂ ಪಂಚಾಯ್ತಿಗೂ ತೋರಿಸೋಣ.

ಎಚ್ಚರಿಕೆ: ಮಳೆಗಾಲದಲ್ಲಿ ಹಳ್ಳಕ್ಕೆ ಇಳಿಯಬೇಡಿ. ದೊಡ್ಡವರಿಲ್ಲದೆ ಹೋಗಬೇಡಿ. ಬಂದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಮೇಫ್ಲೈ ಇದೆ ಎಂದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವಲ್ಲ. ರೋಗಾಣು ಕಣ್ಣಿಗೆ ಕಾಣುವುದಿಲ್ಲ, ಕುದಿಸಿಯೇ ಕುಡಿಯಬೇಕು.

ಯೋಚಿಸಿ ಉತ್ತರಿಸಿ:
1. ದಡದ ಮರ ಕಡಿದರೆ ಮೀನಿಗೆ ಉಸಿರು ಕಡಿಮೆಯಾಗುವುದು ಏಕೆ?
2. ನಾವು ಕೆಳಗಿನ ಜಾಗ ಒಂದನ್ನೇ ನೋಡಿದ್ದರೆ ಏನು ತಪ್ಪಾಗುತ್ತಿತ್ತು?

– 7ನೇ ತರಗತಿ ವಿದ್ಯಾರ್ಥಿನಿ