ಬಿಜಾಪುರದ ದಕ್ಷಿಣ ದಂಡಯಾತ್ರೆಗಳು: ಉಚ್ಛ್ರಾಯದೊಳಗಿನ ಅವನತಿ

ಬಿಜಾಪುರದ ಆದಿಲ್‌ಶಾಹಿ ರಾಜ್ಯದ ಏಳುಬೀಳುಗಳನ್ನು ಕುರಿತು ಕನ್ನಡದಲ್ಲಿ ಪ್ರಚಲಿತವಾಗಿರುವ ನಿರೂಪಣೆ ಬಹುಮಟ್ಟಿಗೆ ಅರಸರ ಗುಣಸ್ವಭಾವಗಳನ್ನು ಆಧರಿಸಿದೆ. ಯೂಸುಫ್ ಸಾಹಸಿ, ಎರಡನೆಯ ಇಬ್ರಾಹಿಂ ಕಲಾರಸಿಕ, ಮುಹಮ್ಮದ್ ವೈಭವಪ್ರಿಯ, ಸಿಕಂದರ್ ಅಸಹಾಯಕ ಬಾಲಕ. ಕೊನೆಗೆ ರಾಜ್ಯ ಔರಂಗಜೇಬನ ಹಟಕ್ಕೆ ಬಲಿಯಾಯಿತು. ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡ ೧೬೫೬ರವರೆಗೆ ಉಚ್ಛ್ರಾಯ, ಅಲ್ಲಿಂದಾಚೆಗೆ ಅವನತಿ ಎಂಬ ವಿಭಜನೆ ಈ ಕಥನದ ಬೆನ್ನೆಲುಬು. ಗೋಳಗುಮ್ಮಟ ಎರಡಕ್ಕೂ ನಡುವಣ ಗಡಿಗಲ್ಲಾಗಿ ನಿಂತಿದೆ. ಆದರೆ ೧೬೩೬ರಿಂದ ಮುಂದಿನ ಹದಿನೈದು ವರ್ಷಗಳ ಘಟನೆಗಳನ್ನು, ಅವುಗಳಿಗೆ ಸಾಕ್ಷಿಯಾದ ಕನ್ನಡ ಕಾವ್ಯಗಳ ಜೊತೆಗಿರಿಸಿ ನೋಡಿದಾಗ ಬೇರೊಂದು ಚಿತ್ರ ಕಾಣುತ್ತದೆ. ರಾಜ್ಯವನ್ನು ಉಚ್ಛ್ರಾಯಕ್ಕೇರಿಸಿದ ವಿಸ್ತರಣೆಯ ಕ್ರಮವೇ ಅದರ ಬುಡವನ್ನು ಸಡಿಲಗೊಳಿಸಿತು.

ಹದಿನಾರು ಮತ್ತು ಹದಿನೇಳನೆಯ ಶತಮಾನಗಳ ಮೂರು ದೊಡ್ಡ ಇಸ್ಲಾಮೀ ಸಾಮ್ರಾಜ್ಯಗಳಾದ ಉಸ್ಮಾನಿ, ಸಫವಿ ಮತ್ತು ಮೊಗಲ್ ಸಾಮ್ರಾಜ್ಯಗಳ ನೆರಳು ಬಿಜಾಪುರದ ಮೇಲೆ ಬೇರೆಬೇರೆ ಬಗೆಯಲ್ಲಿ ಬಿದ್ದಿದೆ. ಬಹಮನಿಯರ ಅಧಿಕಾರಿಯಾಗಿದ್ದು ೧೪೯೦ರ ಸುಮಾರಿಗೆ ಸ್ವತಂತ್ರನಾದ ಯೂಸುಫ್ ಆದಿಲ್‌ಖಾನನಿಗೆ ಇತಿಹಾಸಕಾರ ಫಿರಿಶ್ತಾ ಉಸ್ಮಾನಿ ಸುಲ್ತಾನರ ವಂಶವನ್ನು ಕಟ್ಟುತ್ತಾನೆ. ಅದು ಐತಿಹ್ಯವೇ ಇರಬಹುದು. ಹೊಸ ಅರಸುಮನೆಗೆ ಅಂತಹ ಐತಿಹ್ಯ ಬೇಕಾಗಿತ್ತು ಎಂಬುದು ಇಲ್ಲಿ ಮುಖ್ಯ. ಯೂಸುಫನ ಮಗ ಇಸ್ಮಾಯಿಲ್ ಸಫವಿ ಷಾಹನ ಮನ್ನಣೆ ಪಡೆದು ತನ್ನ ಸೈನಿಕರಿಗೆ ಹನ್ನೆರಡು ಮೊನೆಗಳ ಕೆಂಪು ಟೊಪ್ಪಿಗೆ ತೊಡಿಸಿದ. ಮೊಗಲರ ನೆರಳು ತಡವಾಗಿ ಬಿತ್ತು, ಆದರೆ ಎಲ್ಲಕ್ಕಿಂತ ದಟ್ಟವಾಗಿ ಬಿತ್ತು.

ರಾಜ್ಯದೊಳಗಿನ ಬಿರುಕು ಮೊದಲಿನಿಂದಲೂ ಇತ್ತು. ಇರಾನ್, ಮಧ್ಯ ಏಷ್ಯಾಗಳಿಂದ ಬಂದ ಆಫಾಕಿಗಳು ಒಂದು ಕಡೆ, ದಖನಿಗಳು ಮತ್ತು ಹಬಶಿಗಳು ಇನ್ನೊಂದು ಕಡೆ. ಪಟ್ಟಕ್ಕೆ ಬಂದ ಅರಸ ಷಿಯಾ ಪಂಥ ಹಿಡಿದನೋ ಸುನ್ನಿ ಪಂಥ ಹಿಡಿದನೋ ಎಂಬುದರ ಮೇಲೆ ಅಧಿಕಾರದ ತಕ್ಕಡಿ ಏರಿಳಿಯುತ್ತಿತ್ತು. ಒಂದನೆಯ ಇಬ್ರಾಹಿಂ (೧೫೩೪-೧೫೫೮) ಸುನ್ನಿ ಪಂಥಕ್ಕೆ ಮರಳಿ, ಬಹುಪಾಲು ಆಫಾಕಿಗಳನ್ನು ಕೈಬಿಟ್ಟು, ಲೆಕ್ಕಪತ್ರಗಳನ್ನು ಪರ್ಷಿಯನ್ನಿನಿಂದ ದೇಶಭಾಷೆಗೆ ತಿರುಗಿಸಿ ಬ್ರಾಹ್ಮಣ ಲೆಕ್ಕಿಗರ ಕೈಗೊಪ್ಪಿಸಿದ ಎಂದು ಫಿರಿಶ್ತಾ ಹೇಳುತ್ತಾನೆ. ಆಡಳಿತ ನೆಲಕ್ಕಿಳಿದ ಗಳಿಗೆ ಇದು. ೧೫೬೫ರ ತಾಳಿಕೋಟೆ ಯುದ್ಧಕ್ಕೆ ನಮ್ಮ ಇತಿಹಾಸ ಬರಹಗಳು ಕೊಡುವ ಜಾಗದ ಹತ್ತರಲ್ಲೊಂದು ಪಾಲನ್ನೂ ಈ ಬದಲಾವಣೆಗೆ ಕೊಟ್ಟಿಲ್ಲ.

ನಿರ್ಣಾಯಕ ತಿರುವು ೧೬೩೬ರದು. ಅಹಮದ್‌ನಗರದ ನಿಜಾಮ್‌ಶಾಹಿಯನ್ನು ಮುಗಿಸಲು ದಖನ್ನಿಗೆ ಇಳಿದ ಷಾಜಹಾನನೊಡನೆ ಮುಹಮ್ಮದ್ ಆದಿಲ್‌ಶಾಹ ಆ ವರ್ಷ ಒಪ್ಪಂದ ಮಾಡಿಕೊಂಡ. ಮೊಗಲರ ಮೇಲ್ಗೈಯನ್ನು ಒಪ್ಪಬೇಕು, ಇಪ್ಪತ್ತು ಲಕ್ಷ ರೂಪಾಯಿಗಳ ಪೇಷಕಷ್ ಸಲ್ಲಿಸಬೇಕು. ಪ್ರತಿಯಾಗಿ ಅಹಮದ್‌ನಗರದ ನೆಲದಲ್ಲಿ ಒಂದು ಪಾಲು ಬಿಜಾಪುರಕ್ಕೆ. ಇದರ ಪರಿಣಾಮ ಪಾಲಿಗಿಂತ ದೊಡ್ಡದು. ಉತ್ತರದ ಗಡಿ ಸುಮಾರು ಇಪ್ಪತ್ತು ವರ್ಷ ತಣ್ಣಗಾಯಿತು. ಉತ್ತರದಲ್ಲಿ ಬೆಳೆಯುವ ದಾರಿಯೂ ಮುಚ್ಚಿತು. ಇದ್ದ ಸೈನ್ಯವನ್ನು ಸಾಕುವುದಕ್ಕೆ, ಸರದಾರರನ್ನು ತೃಪ್ತಿಪಡಿಸುವುದಕ್ಕೆ ಉಳಿದದ್ದು ದಕ್ಷಿಣ ಒಂದೇ. ಅಲ್ಲಿ ವಿಜಯನಗರದ ಅಧಿಕಾರ ಒಡೆದು ನಾಯಕರು, ಪಾಳೆಯಗಾರರು ಹಂಚಿಕೊಂಡ ನಾಡು ತೆರೆದಿತ್ತು.

ಮುಂದಿನ ವೇಗ ಬೆರಗು ಹುಟ್ಟಿಸುವಂಥದು. ೧೬೩೭-೩೮ರಲ್ಲಿ ರಣದುಲ್ಲಾಖಾನ ಇಕ್ಕೇರಿಯ ಮೇಲೆ ಬಿದ್ದು ವೀರಭದ್ರನಾಯಕನನ್ನು ಮಣಿಸಿದ. ೧೬೩೮ರಲ್ಲಿ ಬೆಂಗಳೂರು ಕೆಂಪೇಗೌಡರ ಮನೆತನದಿಂದ ಕೈಜಾರಿತು, ಆ ಮನೆತನ ಮಾಗಡಿಗೆ ಸರಿಯಿತು. ೧೬೩೯ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ. ೧೬೪೮ರ ಕೊನೆಯ ಹೊತ್ತಿಗೆ ಬಿಜಾಪುರದ ಪಡೆ ತಮಿಳುನಾಡಿನ ಸೆಂಜಿಯ ಕೋಟೆಯನ್ನು ಹಿಡಿಯಿತು. ಅದೇ ಸುಮಾರಿಗೆ ಮೊಗಲ್ ದರ್ಬಾರು ಮುಹಮ್ಮದನಿಗೆ ‘ಷಾಹ’ ಎಂಬ ಬಿರುದನ್ನು ಮನ್ನಿಸಿತು.

ಈ ದಂಡಯಾತ್ರೆಗಳನ್ನು ಕನ್ನಡ ಕಾವ್ಯಗಳು ಕಂಡ ಬಗೆಯನ್ನು ನಿಧಾನವಾಗಿ ಗಮನಿಸಬೇಕು. ೧೬೪೮ರಲ್ಲಿ ರಚಿತವಾದ ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ ಎಂಬ ಸಾಂಗತ್ಯ ಕಾವ್ಯ ರಣದುಲ್ಲಾಖಾನನ ಮುತ್ತಿಗೆಯನ್ನೂ ಮೈಸೂರರಸ ಅದನ್ನು ಹಿಮ್ಮೆಟ್ಟಿಸಿದುದನ್ನೂ ವಿಸ್ತಾರವಾಗಿ ವರ್ಣಿಸುತ್ತದೆ. ಸೆಂಜಿಗೆ ಬಿಜಾಪುರದ ಸೈನ್ಯ ನುಗ್ಗುತ್ತಿದ್ದ ವರ್ಷದಲ್ಲೇ ಶ್ರೀರಂಗಪಟ್ಟಣದಲ್ಲಿ ಕವಿಯೊಬ್ಬ ಆ ಸೈನ್ಯದ ಸೋಲನ್ನು ಹಾಡುತ್ತಿದ್ದ. ಇದನ್ನು ಆಸ್ಥಾನಕವಿಯ ಅತಿಶಯೋಕ್ತಿ ಎಂದು ಬದಿಗಿಡುವುದು ಸುಲಭ. ಅತಿಶಯೋಕ್ತಿಯ ಅಡಿಯಲ್ಲಿರುವ ಸಂಗತಿ ಮಾತ್ರ ನಿಜ: ಮೈಸೂರು ಬಿಜಾಪುರದ ಪ್ರಾಂತವಾಗಲಿಲ್ಲ. ಇತ್ತ ಬಿಜಾಪುರದ ಆಸ್ಥಾನದಲ್ಲಿ ಜುಹೂರ್ ಬರೆದ ‘ಮುಹಮ್ಮದ್‌ನಾಮಾ’ ಅದೇ ಕಾಲವನ್ನು ಅಖಂಡ ದಿಗ್ವಿಜಯವಾಗಿ ಕಟ್ಟುತ್ತದೆ. ಎರಡೂ ಪ್ರಶಸ್ತಿಗಳೇ. ಒಂದನ್ನು ಇತಿಹಾಸವೆಂದೂ ಇನ್ನೊಂದನ್ನು ಕಾವ್ಯವೆಂದೂ ವಿಂಗಡಿಸುವ ರೂಢಿಗೆ ಆಧಾರವಿಲ್ಲ.

ಇಕ್ಕೇರಿಯ ಕಥೆ ಇನ್ನೂ ಬೋಧಪ್ರದ. ಲಿಂಗಣ್ಣಕವಿಯ ‘ಕೆಳದಿನೃಪವಿಜಯ’ ಬಿಜಾಪುರದ ಆಕ್ರಮಣಗಳನ್ನು ಅರಸುಮನೆತನದ ಕಥೆಯೊಳಗೆ ಸೇರಿಸಿಕೊಳ್ಳುತ್ತದೆ. ೧೬೩೮ರಲ್ಲಿ ‘ಗೆದ್ದ’ ನಾಡು ಶಿವಪ್ಪನಾಯಕನ ಕಾಲಕ್ಕೆ (೧೬೪೫-೧೬೬೦) ಮತ್ತೆ ತಲೆಯೆತ್ತಿತು, ‘ಶಿಸ್ತು’ ಎಂದು ಹೆಸರಾದ ಕಂದಾಯ ವ್ಯವಸ್ಥೆಯನ್ನು ಕಂಡಿತು. ೧೬೬೩-೬೪ರಲ್ಲಿ ಎರಡನೆಯ ಅಲಿ ಆದಿಲ್‌ಶಾಹ ತಾನೇ ಬಿದನೂರಿನ ಮೇಲೆ ದಂಡೆತ್ತಿ ಹೋಗಬೇಕಾಯಿತು. ನುಸ್ರತಿಯ ದಖನಿ ಕಾವ್ಯ ‘ಅಲಿನಾಮಾ’ ಈ ಮಲೆನಾಡ ಯುದ್ಧವನ್ನು ಕೊಂಡಾಡಿದೆ. ಕಾಲು ಶತಮಾನದ ಅಂತರದಲ್ಲಿ ಒಂದೇ ನಾಡನ್ನು ಎರಡು ಸಲ ಗೆಲ್ಲಬೇಕಾಯಿತೆಂದರೆ ಮೊದಲ ಗೆಲುವಿನ ಸ್ವರೂಪವೇನು? ಕಪ್ಪ ಬಂತು, ಕೊಳ್ಳೆ ಬಂತು, ಆಡಳಿತ ಬೇರೂರಲಿಲ್ಲ.

ಬೇರೂರಿದ್ದು ಸರದಾರರು. ಗೆದ್ದ ನಾಡನ್ನು ಜಾಗೀರಾಗಿ ಕೊಡುವುದು, ಅದರ ಹುಟ್ಟುವಳಿಯಿಂದ ಸರದಾರ ತನ್ನ ಪಡೆಯನ್ನು ಸಾಕುವುದು ಅಂದಿನ ಪದ್ಧತಿ. ರಾಜಧಾನಿಯ ಹತ್ತಿರ ಈ ಪದ್ಧತಿ ಅರಸನ ಹದ್ದಿನಲ್ಲಿರುತ್ತಿತ್ತು. ಬೆಂಗಳೂರು, ಶಿರಾ, ಸೆಂಜಿಗಳಷ್ಟು ದೂರದಲ್ಲಿ ಜಾಗೀರು ರಾಜ್ಯದೊಳಗಿನ ರಾಜ್ಯವಾಗುತ್ತಿತ್ತು. ೧೬೩೬ರ ಒಪ್ಪಂದದ ಬೆನ್ನಲ್ಲೇ ಬಿಜಾಪುರದ ಸೇವೆಗೆ ಬಂದ ಷಹಾಜಿ ಭೋಸಲೆ ಬೆಂಗಳೂರನ್ನು ಜಾಗೀರಾಗಿ ಪಡೆದು, ೧೬೬೪ರಲ್ಲಿ ಚನ್ನಗಿರಿ ಸಮೀಪದ ಹೊದಿಗೆರೆಯಲ್ಲಿ ತೀರಿಕೊಳ್ಳುವವರೆಗೂ ದಕ್ಷಿಣದ ಪ್ರಬಲ ಸರದಾರನಾಗಿದ್ದ. ಅವನ ಒಬ್ಬ ಮಗ ಏಕೋಜಿ ಬಿಜಾಪುರದ ಹೆಸರಿನಲ್ಲೇ ಹೋಗಿ ತಂಜಾವೂರನ್ನು ತನ್ನದಾಗಿಸಿಕೊಂಡ. ಇನ್ನೊಬ್ಬ ಮಗ ಶಿವಾಜಿ ೧೬೭೭-೭೮ರಲ್ಲಿ ಸೆಂಜಿ, ವೆಲ್ಲೂರುಗಳನ್ನು ಹಿಡಿದ. ಬಿಜಾಪುರ ಮೂವತ್ತು ವರ್ಷಗಳ ಹಿಂದೆ ಗೆದ್ದ ಕೋಟೆಗಳು ಅದರ ಜಾಗೀರುದಾರನ ಮಕ್ಕಳ ಪಾಲಾದುವು. ಶಿವಾಜಿಯ ಉದಯವನ್ನು ಬಿಜಾಪುರದ ಹೊರಗಿನ ಆಘಾತವೆಂದು ವಿವರಿಸುವ ಬರಹಗಳು ಈ ಒಳಸಂಬಂಧವನ್ನು ಮರೆಯುತ್ತವೆ.

ಕೊನೆಯ ಹದಿನಾಲ್ಕು ವರ್ಷಗಳಲ್ಲಿ ಇದೇ ರೋಗ ರಾಜಧಾನಿಯನ್ನು ಮುಟ್ಟಿತು. ೧೬೭೨ರಲ್ಲಿ ನಾಲ್ಕು ವರ್ಷದ ಸಿಕಂದರನಿಗೆ ಪಟ್ಟವಾದಾಗ ಖವಾಸ್‌ಖಾನ, ಬಹಲೋಲ್‌ಖಾನ, ಸಿದ್ದಿ ಮಸೂದ್ ಒಬ್ಬರ ನಂತರ ಒಬ್ಬರು ಆಳಿದರು. ಸಿದ್ದಿ ಮಸೂದನ ಬಲವಿದ್ದದ್ದು ಬಿಜಾಪುರದಲ್ಲಲ್ಲ, ತನ್ನ ಜಾಗೀರಾದ ಆದವಾನಿಯಲ್ಲಿ. ರಾಜಧಾನಿಯಲ್ಲಿ ದಾರಿ ಕಾಣದಾದಾಗ ಅವನು ಅಲ್ಲಿಗೇ ಹಿಂದಿರುಗಿದ. ಔರಂಗಜೇಬನ ಸೈನ್ಯ ೧೬೮೫ರ ಏಪ್ರಿಲ್‌ನಲ್ಲಿ ಮುತ್ತಿಗೆ ಹಾಕಿತು. ೧೬೮೬ರ ಸೆಪ್ಟೆಂಬರ್ ೧೨ರಂದು ಕೋಟೆ ಶರಣಾಯಿತು. ಸುಮಾರು ಒಂದೂವರೆ ವರ್ಷ ತಾಳಿದ ಕೋಟೆಯನ್ನು ದುರ್ಬಲ ಎನ್ನಲಾಗದು. ದುರ್ಬಲವಾದದ್ದು ಕೋಟೆಗೂ ನಾಡಿಗೂ ನಡುವಣ ಕೊಂಡಿ.

ಈ ದಿಕ್ಕಿನ ಅಧ್ಯಯನಕ್ಕೆ ಆಕರಗಳ ಅಭಾವ ಈಗ ನೆಪವಾಗಲಾರದು. ಎಂ.ಎಂ. ಕಲಬುರ್ಗಿಯವರು ರೂಪಿಸಿದ ಯೋಜನೆಯ ಫಲವಾಗಿ ವಿಜಯಪುರದ ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರದ ಮೂಲಕ ಆದಿಲ್‌ಶಾಹಿ ಸಾಹಿತ್ಯ ಕನ್ನಡಕ್ಕೆ ಬಂದಿದೆ. ಅದನ್ನು ಇತಿಹಾಸ ವಿಭಾಗದವರ ಸರಕೆಂದು ಬಿಟ್ಟುಕೊಡದೆ, ನಡುಗನ್ನಡದ ಚಾರಿತ್ರಿಕ ಕಾವ್ಯಗಳೊಡನೆ ಮುಖಾಮುಖಿಯಾಗಿಸುವ ಕೆಲಸ ಕನ್ನಡ ವಿಭಾಗಗಳದು. ಕಾವ್ಯದ ಯುದ್ಧವರ್ಣನೆಗಳನ್ನು ಅಷ್ಟಾದಶ ವರ್ಣನೆಗಳ ಪಟ್ಟಿಯಲ್ಲಿಟ್ಟು ಮುಗಿಸುವ ಪಾಠಕ್ರಮ ಇದಕ್ಕೆ ಸಾಲದು.

ಬಿಜಾಪುರ ಬಿದ್ದ ಮರುವರ್ಷ, ೧೬೮೭ರಲ್ಲಿ, ಮೊಗಲರು ಶಿರಾವನ್ನು ಕೇಂದ್ರವಾಗಿಸಿಕೊಂಡು ಹೊಸ ಪ್ರಾಂತ ರಚಿಸಿದರು. ‘ಕರ್ನಾಟಕ ಬಿಜಾಪುರ ಬಾಲಾಘಾಟ್’ ಎಂಬ ಹೆಸರಿನಲ್ಲಿ ಅಳಿದ ರಾಜ್ಯ ಕಂದಾಯದ ಕಡತಗಳಲ್ಲಿ ಬಹುಕಾಲ ಉಳಿಯಿತು. ಅದೇ ಸುಮಾರಿಗೆ ಬೆಂಗಳೂರು ಮೊಗಲರ ಕೈಯಿಂದ ಚಿಕ್ಕದೇವರಾಜ ಒಡೆಯರಿಗೆ ಸಂದಿತು. ಅವರು ಆಳುತ್ತಿದ್ದುದು ರಣದುಲ್ಲಾಖಾನ ೧೬೩೯ರಲ್ಲಿ ಮುತ್ತಿ ಬಿಟ್ಟುಹೋದ ಶ್ರೀರಂಗಪಟ್ಟಣದಿಂದ.