ವಿಕಲಚೇತನರ ಉದ್ಯೋಗ ಹಕ್ಕು: 2016ರ ಕಾಯ್ದೆ

1995ರ ಕಾಯ್ದೆಯ ಜಾಗಕ್ಕೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ–2016 ಜಾರಿಯಾದದ್ದು 2017ರ ಏಪ್ರಿಲ್ 19ರಂದು. ಗುರುತಿಸಿದ ವೈಕಲ್ಯಗಳು 7ರಿಂದ 21ಕ್ಕೆ, ಸರ್ಕಾರಿ ಹುದ್ದೆಗಳಲ್ಲಿನ ಮೀಸಲಾತಿ ಶೇ 3ರಿಂದ ಶೇ 4ಕ್ಕೆ ಏರಿದವು. ಮೀಸಲಾತಿಗೆ ಕನಿಷ್ಠ ಶೇ 40 ವೈಕಲ್ಯದ ಪ್ರಮಾಣಪತ್ರ ಬೇಕು.

ಗಮನವಿಟ್ಟು ಓದಬೇಕಾದದ್ದು ಸೆಕ್ಷನ್ 34. ದೃಷ್ಟಿ, ಶ್ರವಣ, ಚಲನ ವೈಕಲ್ಯಗಳಿಗೆ ತಲಾ ಶೇ 1. ಉಳಿದ ಶೇ 1 ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವೈಕಲ್ಯ ಉಳ್ಳವರಿಗೆ. ಅರ್ಹರು ಸಿಗದಿದ್ದರೆ ಹುದ್ದೆ ಮುಂದಿನ ನೇಮಕಾತಿ ವರ್ಷಕ್ಕೆ ಹೋಗುತ್ತದೆ. ಆಗಲೂ ಸಿಗದಿದ್ದರೆ ಈ ವರ್ಗಗಳ ನಡುವೆಯೇ ಅದಲುಬದಲು, ಕೊನೆಗಷ್ಟೇ ಇತರರಿಗೆ.

ಖಾಸಗಿ ವಲಯದ ಶೇ 5 (ಸೆಕ್ಷನ್ 35) ಮೀಸಲಾತಿಯಲ್ಲ, ಸರ್ಕಾರದ ಪ್ರೋತ್ಸಾಹಕಗಳ ಗುರಿ ಮಾತ್ರ. ಮೊದಲು ತಿದ್ದಬೇಕಾದ ಕೊರತೆ ಇದೇ.

ಸೆಕ್ಷನ್ 20ರ ಪ್ರಕಾರ ಸರ್ಕಾರಿ ಕಚೇರಿ ಸೂಕ್ತ ಅನುಕೂಲ ಕಲ್ಪಿಸಬೇಕು: ಅಂಧ ಗುಮಾಸ್ತರ ಕಂಪ್ಯೂಟರಿಗೆ ಪರದೆ ಓದುವ ತಂತ್ರಾಂಶ, ಗಾಲಿಕುರ್ಚಿ ಒಳಸರಿಯುವ ಮೇಜು. ಸೇವೆಯಲ್ಲಿದ್ದಾಗ ವೈಕಲ್ಯ ಬಂದವರನ್ನು ವಜಾ ಮಾಡುವಂತಿಲ್ಲ, ಹಿಂಬಡ್ತಿಯೂ ಸಲ್ಲದು.

ಪ್ರಚಲಿತ: ದೃಷ್ಟಿ ವಿಕಲಚೇತನರನ್ನು ನ್ಯಾಯಾಂಗ ಸೇವೆಯಿಂದ ಹೊರಗಿಟ್ಟಿದ್ದ ಮಧ್ಯಪ್ರದೇಶದ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಮಾರ್ಚ್ 3ರಂದು ರದ್ದುಪಡಿಸಿತು.