ದೃಶ್ಯಪಾಠ: ಶಾಲೆಯ ಪರದೆ ಮತ್ತು ಅಂಗೈಯ ಪರದೆ

ಪಾಠವನ್ನು ಪರದೆಯ ಮೇಲೆ ತೋರಿಸಿ ಕಲಿಸುವ ಪದ್ಧತಿಯು ನಮ್ಮ ಗಡಿಭಾಗಕ್ಕೆ ಹೊಸದೇನಲ್ಲ. ಈ ಪದ್ಧತಿಗೂ ನಮ್ಮ ಶಾಲೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ಇಸ್ರೋ ಸಂಸ್ಥೆಯು ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಶೈಕ್ಷಣಿಕ ದೂರದರ್ಶನದ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿ ಸೇರಿದ್ದವು. ಕರ್ನಾಟಕದಲ್ಲಿ ಆಯ್ಕೆಯಾದವು ಗುಲಬರ್ಗಾ, ರಾಯಚೂರು ಮತ್ತು ನಮ್ಮ ಜತ್ತ ತಾಲೂಕಿಗೆ ಹೊಂದಿಕೊಂಡಿರುವ ವಿಜಾಪುರ ಜಿಲ್ಲೆಗಳು. ಊರಿಗೊಂದು ದೂರದರ್ಶನದ ಪೆಟ್ಟಿಗೆ. ಕೋಳಿಗೂಡಿಗೆ ಕಟ್ಟುವಂಥ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ವ್ಯಾಸದ ಬೋಗುಣಿಯಾಕಾರದ ಆಂಟೆನಾ. ಮುಂಜಾನೆ ಶಾಲೆಯ ಮಕ್ಕಳಿಗೆ, ಸಂಜೆ ಊರ ಹಿರಿಯರಿಗೆ ಕಾರ್ಯಕ್ರಮ. ಅಂದಿನ ಪಾಠ ತಪ್ಪಿದರೆ ತಪ್ಪಿತು. ಅದನ್ನು ನಿಲ್ಲಿಸುವ, ಮತ್ತೆ ನೋಡುವ ಉಪಾಯ ಗುರುಗಳಿಗೂ ಇರಲಿಲ್ಲ, ಮಕ್ಕಳಿಗೂ ಇರಲಿಲ್ಲ.

ಇಂದಿನ ಸ್ಥಿತಿಯೇ ಬೇರೆ. ಕೇಂದ್ರ ಸರಕಾರದ ‘ದೀಕ್ಷಾ’ ವೇದಿಕೆಯು 2017ರಲ್ಲಿ ಆರಂಭವಾಯಿತು. ಬಾಲಭಾರತಿಯ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಸಂಕೇತಗಳು ಬಂದವು. ಈಗ ಒಂದೇ ದೃಶ್ಯಪಾಠವನ್ನು ಶಾಲೆಯ ಖೋಲಿಯಲ್ಲಿ ನಲವತ್ತು ಮಕ್ಕಳು ಕೂಡಿ ನೋಡಬಹುದು. ಮನೆಯ ಕಟ್ಟೆಯ ಮೇಲೆ ಕುಳಿತು ಒಬ್ಬ ಬಾಲಕಿಯು ಮೊಬೈಲಿನಲ್ಲಿಯೂ ನೋಡಬಹುದು. ಪಾಠ ಒಂದೇ ಆದರೂ ಕಲಿಕೆ ಒಂದೇ ಆಗುವುದಿಲ್ಲವೆಂಬುದನ್ನು ಪಾಲಕರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಮೊಬೈಲಿನ ಪರದೆ ಚಿಕ್ಕದು, ಆದುದರಿಂದ ಅಕ್ಷರ ಕಾಣುವುದಿಲ್ಲವೆಂದು ಅನೇಕ ಪಾಲಕರು ಹೇಳುವುದುಂಟು. ಲೆಕ್ಕ ಹಾಕಿ ನೋಡೋಣ. ಎಂಟು ಅಡಿ ಅಗಲದ ಕರಿಹಲಗೆಯನ್ನು ಪೂರ್ತಿಯಾಗಿ ಚಿತ್ರೀಕರಿಸಿದ್ದಾರೆಂದೂ, ಅದರ ಮೇಲಿನ ಅಕ್ಷರ 5 ಸೆಂಟಿಮೀಟರ್ ಎತ್ತರವಿದೆಯೆಂದೂ ಇಟ್ಟುಕೊಳ್ಳಿರಿ. ಅಡ್ಡ ಹಿಡಿದ ಮೊಬೈಲಿನ ಪರದೆಯ ಅಗಲ 13 ಸೆಂಟಿಮೀಟರ್ ಎಂದರೆ ಆ ಅಕ್ಷರವು ಎರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಶಾಲೆಯ 43 ಇಂಚಿನ ಟಿ.ವಿ.ಯಲ್ಲಿ ಅದೇ ಅಕ್ಷರ ಸುಮಾರು 2 ಸೆಂಟಿಮೀಟರ್, ಎಂದರೆ ಏಳೆಂಟು ಪಟ್ಟು ದೊಡ್ಡದು. ಆದರೆ ಮೊಬೈಲನ್ನು ನಾವು ಒಂದಡಿ ದೂರದಲ್ಲಿ ಹಿಡಿಯುತ್ತೇವೆ. ತರಗತಿಯ ಕೊನೆಯ ಸಾಲಿನ ಬಾಲಕನು ಟಿ.ವಿ.ಯಿಂದ ಹದಿನೈದು ಅಡಿ ದೂರದಲ್ಲಿರುತ್ತಾನೆ. ದೂರವು ಹದಿನೈದು ಪಟ್ಟು ಹೆಚ್ಚಿದ್ದುದರಿಂದ ಅವನ ಕಣ್ಣಿಗೆ ಆ ಅಕ್ಷರವು ಮೊಬೈಲಿನ ಅಕ್ಷರದ ಅರ್ಧದಷ್ಟಾಗಿಯೇ ಕಾಣುತ್ತದೆ! ಹಿಂದಿನ ಸಾಲಿನವರ ಮಟ್ಟಿಗೆ ಅಂಗೈಯ ಪರದೆಯೇ ದೊಡ್ಡ ಪರದೆ.

ತೊಂದರೆ ಇರುವುದು ಬೇರೆ ಕಡೆಗೆ. ಮೊಬೈಲಿನಲ್ಲಿ ನೋಡುವ ಪಾಠವು ಸಾಮಾನ್ಯವಾಗಿ ಆ ಕ್ಷಣಕ್ಕೆ ಅಂತರ್ಜಾಲದಿಂದ ಹರಿದು ಬರುವಂಥದು. ಸಂಪರ್ಕವು ಕ್ಷೀಣವಾದಾಗ ಪಾಠ ನಿಂತುಹೋಗದಂತೆ ಯಂತ್ರವು ತಾನಾಗಿಯೇ ಚಿತ್ರದ ಗುಣಮಟ್ಟವನ್ನು ಇಳಿಸುತ್ತದೆ. 480 ಸಾಲುಗಳಲ್ಲಿ ಮೂಡುತ್ತಿದ್ದ ಚಿತ್ರವು 144 ಸಾಲುಗಳಿಗೆ ಇಳಿಯಬಹುದು. 480 ಸಾಲುಗಳಲ್ಲಿ ಮೇಲೆ ಹೇಳಿದ ಅಕ್ಷರಕ್ಕೆ ಸುಮಾರು ಹದಿನೇಳು ಸಾಲುಗಳು ಒದಗುತ್ತವೆ. 144ರಲ್ಲಿ ಒದಗುವುದು ಐದು ಮಾತ್ರ. ಅದರ ಕೆಳಗಿನ ಒತ್ತಕ್ಷರಕ್ಕೆ ಎರಡೋ ಮೂರೋ. ಇಂಗ್ಲಿಷ್ ಲಿಪಿಗೆ ಇದರಿಂದ ಅಷ್ಟು ಹಾನಿಯಿಲ್ಲ, ಅದಕ್ಕೆ ಒತ್ತಕ್ಷರಗಳಿಲ್ಲ. ನಮ್ಮ ಲಿಪಿಯಲ್ಲಿ ಮಾತ್ರ ‘ಕತ್ತೆ’ಯು ‘ಕತೆ’ಯಾಗುತ್ತದೆ. ದೊಡ್ಡವರು ಸಂದರ್ಭದಿಂದ ಊಹಿಸಿ ಓದಿಕೊಳ್ಳುತ್ತಾರೆ. ಎರಡನೆಯ ಇಯತ್ತೆಯ ಮಗು ಏನು ಮಾಡೀತು? ಕನ್ನಡವನ್ನು ಈಗಷ್ಟೇ ಕಲಿಯುತ್ತಿರುವವರಿಗೇ ಹೆಚ್ಚು ನಷ್ಟ. ಶಾಲೆಯಲ್ಲಿ ಮೊದಲೇ ಇಳಿಸಿಟ್ಟುಕೊಂಡ ಕಡತವನ್ನು ತೋರಿಸಿದರೆ ಈ ದೋಷ ಬರುವುದಿಲ್ಲ.

ಪಾಠವನ್ನು ತಡೆದು ನಿಲ್ಲಿಸುವ ಅಧಿಕಾರ ಯಾರದೆಂಬುದು ಇನ್ನೊಂದು ಭೇದ. ಮೊಬೈಲಿನಲ್ಲಿ ಅದು ಮಗುವಿನದು. ಭಾಗಾಕಾರದ ಒಂದು ಹಂತ ತಿಳಿಯದಿದ್ದರೆ ಹತ್ತು ಸಲ ಹಿಂದಕ್ಕೆ ಹೋಗಬಹುದು, ಯಾರೂ ನಗುವವರಿಲ್ಲ. ನಾಚಿಕೆಯ ಸ್ವಭಾವದ ಮಕ್ಕಳಿಗೆ ಇದು ದೊಡ್ಡ ಉಪಕಾರ. ತರಗತಿಯಲ್ಲಿ ಆ ಅಧಿಕಾರ ಗುರುಗಳದು. ಅವರು ಚಿತ್ರವನ್ನು ನಿಲ್ಲಿಸಿ, ‘ಮುಂದೇನಾಗುವುದು ಹೇಳು’ ಎಂದು ಕೇಳಿದಾಗ ನಲವತ್ತು ತಲೆಗಳು ಒಮ್ಮೆಲೇ ವಿಚಾರ ಮಾಡತೊಡಗುತ್ತವೆ. ತನಗೆ ತಿಳಿದಿಲ್ಲವೆಂಬುದೇ ಅನೇಕ ಸಲ ಮಗುವಿಗೆ ತಿಳಿದಿರುವುದಿಲ್ಲ. ತಿಳಿಯದವನು ಹಿಂದಕ್ಕೆ ಹೋಗುವುದೂ ಇಲ್ಲ. ಅದನ್ನು ಮುಖ ನೋಡಿ ಗುರುತಿಸಲು ಗುರುಗಳೇ ಬೇಕು. ಪಾಠ ಮುಗಿದೊಡನೆ ತಾನಾಗಿಯೇ ಬಂದು ನಿಲ್ಲುವ ಹಾಸ್ಯದ ತುಣುಕುಗಳ ವಿಷಯವನ್ನು ಪಾಲಕರಿಗೆ ನಾನು ಹೇಳಬೇಕಾಗಿಲ್ಲ.

ನಮ್ಮ ತಾಲೂಕಿನ ಕನ್ನಡ ಮಕ್ಕಳಿಗೆ ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಎದುರಾದದ್ದು 2020ರಲ್ಲಿ. ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದಾಗ ಕರ್ನಾಟಕದಲ್ಲಿ ಚಂದನ ವಾಹಿನಿಯು ‘ಸಂವೇದ’ ಎಂಬ ಪಾಠಮಾಲೆಯನ್ನೂ, ಮಹಾರಾಷ್ಟ್ರದಲ್ಲಿ ಸಹ್ಯಾದ್ರಿ ವಾಹಿನಿಯು ‘ಟಿಲಿಮಿಲಿ’ ಎಂಬ ಪಾಠಮಾಲೆಯನ್ನೂ ಬಿತ್ತರಿಸಿದವು. ಎರಡೂ ಉತ್ತಮ ಕಾರ್ಯಗಳೇ. ಆದರೆ ಮೊದಲನೆಯದು ನಮ್ಮ ಭಾಷೆಯದು, ಪಠ್ಯಕ್ರಮ ಕರ್ನಾಟಕದ್ದು. ಎರಡನೆಯದು ನಮ್ಮ ರಾಜ್ಯದ್ದು, ಭಾಷೆ ಮರಾಠಿ. ಅಂತರ್ಜಾಲದಲ್ಲಿ ಕನ್ನಡ ಪಾಠವನ್ನು ಹುಡುಕಿದಾಗಲೂ ಹೆಚ್ಚಾಗಿ ದೊರೆಯುವುದು ಕರ್ನಾಟಕದ ಪುಸ್ತಕದ್ದೇ. ಬಹುಕಾಲದಿಂದ ಇಲ್ಲಿಯ ಮಕ್ಕಳು ನಾಲ್ಕನೆಯ ಇಯತ್ತೆಯಲ್ಲಿ ಕಲಿಯುತ್ತ ಬಂದಿರುವ ಶಿವಛತ್ರಪತಿಯ ಇತಿಹಾಸವನ್ನೇ ತೆಗೆದುಕೊಳ್ಳಿರಿ. ಆ ಪಾಠಗಳ ಅನುಕ್ರಮವು ಗಡಿಯಾಚೆಯ ಪುಸ್ತಕದಲ್ಲಿಲ್ಲ. ಶಾಲೆಯಲ್ಲಿ ಆರಿಸಿ ತೋರಿಸುವ ಗುರುಗಳು ಈ ಭೇದವನ್ನು ಸರಿದೂಗಿಸುತ್ತಾರೆ. ಒಬ್ಬಂಟಿಯಾಗಿ ಮೊಬೈಲು ಹಿಡಿದ ಮಗುವು ತನ್ನ ಪರೀಕ್ಷೆಗೆ ಬಾರದ ಪಾಠವನ್ನು ಶ್ರದ್ಧೆಯಿಂದ ಕಲಿಯುತ್ತ ಕುಳಿತಿರುತ್ತದೆ. ನನ್ನನ್ನು ಅತ್ಯಂತ ನೋಯಿಸಿದ ಸಂಗತಿಯಿದು.

ಇದಕ್ಕೆ ದಾರಿಯನ್ನು ನೆರೆಯ ಸೊಲ್ಲಾಪುರ ಜಿಲ್ಲೆಯೇ ತೋರಿಸಿದೆ. ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದ ಶ್ರೀ ರಣಜಿತಸಿಂಹ ಡಿಸಳೆಯವರಿಗೆ 2020ರ ಡಿಸೆಂಬರ್ 3ರಂದು ವಾರ್ಕಿ ಪ್ರತಿಷ್ಠಾನದ ಜಾಗತಿಕ ಶಿಕ್ಷಕ ಪ್ರಶಸ್ತಿ ಘೋಷಿಸಲ್ಪಟ್ಟಿತು. ಪ್ರಶಸ್ತಿ ನೀಡಿದವರು ಹೇಳಿದ ಕಾರಣಗಳಲ್ಲಿ, ಪಠ್ಯವನ್ನು ವಿದ್ಯಾರ್ಥಿಗಳ ಮಾತೃಭಾಷೆಯಾದ ಕನ್ನಡಕ್ಕೆ ತಂದು, ಕ್ಯೂಆರ್ ಸಂಕೇತಗಳ ಮೂಲಕ ಪದ್ಯ, ಕತೆ, ದೃಶ್ಯಪಾಠಗಳನ್ನು ಪುಸ್ತಕಕ್ಕೆ ಜೋಡಿಸಿದ್ದೂ ಒಂದು. ಹತ್ತು ಲಕ್ಷ ಡಾಲರುಗಳ ಬಹುಮಾನದಲ್ಲಿ ಅರ್ಧವನ್ನು ಅವರು ಉಳಿದ ಒಂಬತ್ತು ಜನ ಅಂತಿಮ ಸ್ಪರ್ಧಿಗಳಿಗೆ ಹಂಚಿದರು. ಕನ್ನಡ ಬಲ್ಲ ನಾವು ಮಾಡಲಾರದ ಕೆಲಸವೇ ಇದು?

ನಮ್ಮ ಮಾಜಿ ವಿದ್ಯಾರ್ಥಿಗಳಲ್ಲಿ ಶಿಕ್ಷಕರಿದ್ದಾರೆ, ಇಂಜಿನಿಯರರಿದ್ದಾರೆ. ಬಾಲಭಾರತಿಯ ಕನ್ನಡ ಪುಸ್ತಕವನ್ನು ಎದುರಿಗಿಟ್ಟುಕೊಂಡು ಒಬ್ಬೊಬ್ಬರು ಒಂದೊಂದು ಪಾಠವನ್ನು ಚಿತ್ರೀಕರಿಸಿ ಕೊಡಬಹುದು. ಕರಿಹಲಗೆಯ ಮೂರನೆಯ ಒಂದು ಭಾಗ ಮಾತ್ರ ಚಿತ್ರದ ತುಂಬ ಬರುವಂತೆ ಕ್ಯಾಮೆರಾವನ್ನು ಹತ್ತಿರಕ್ಕೆ ತರಬೇಕು. ಆಗ 144 ಸಾಲುಗಳಿಗೆ ಇಳಿದರೂ ಒತ್ತಕ್ಷರಕ್ಕೆ ಏಳೆಂಟು ಸಾಲುಗಳು ಉಳಿಯುತ್ತವೆ. ಬರೆದ ಪ್ರತಿಯೊಂದು ಶಬ್ದವನ್ನೂ ಬಾಯಿಂದ ಸ್ಪಷ್ಟವಾಗಿ ಹೇಳಬೇಕು. ಒಂದು ತುಣುಕು ಏಳೆಂಟು ನಿಮಿಷ ಮೀರಬಾರದು. ನಡುವೆ ಒಂದು ಪ್ರಶ್ನೆ ಕೇಳಿ ಕೆಲವು ಕ್ಷಣ ಸುಮ್ಮನಿರಬೇಕು. ಕಡತದ ಹೆಸರಿನಲ್ಲಿ ಇಯತ್ತೆ, ವಿಷಯ, ಪಾಠದ ಸಂಖ್ಯೆಗಳನ್ನು ಕನ್ನಡದಲ್ಲಿಯೇ ಬರೆದು, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಶಾಲೆಯ ಕಾರ್ಯಾಲಯಕ್ಕೆ ತಲುಪಿಸಬೇಕೆಂದು ವಿನಂತಿ.